ಚದರಡಿ ರೇಟಿನ ಆಚೆಗೆ: ಮನೆ ಕೆಲಸಕ್ಕೆ ಕಾಂಟ್ರಾಕ್ಟರ್‌ಗಳನ್ನು ಹೋಲಿಸಿ ನೋಡುವ ಬಗೆ

ಮನೆ ಕಟ್ಟಿಸಲು ಹೊರಟಾಗ ಮೂವರಿಂದ ಕೊಟೇಷನ್ ತರಿಸಿದ್ದೆ. ಒಂದು ರಾತ್ರಿ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹರಡಿಕೊಂಡು ಕೂತೆ. ಮೊದಲನೆಯದು ಒಂದೇ ಹಾಳೆ: ಚದರಡಿಗೆ ಇಷ್ಟು, ಒಟ್ಟು ಇಷ್ಟು, ಕೆಳಗೊಂದು ಸಹಿ. ಎರಡನೆಯದು 4 ಪುಟ. ಮೂರನೆಯದು 11 ಪುಟ, ಬಾಗಿಲಿನ ಚಿಲಕದ ತನಕ ಎಲ್ಲವೂ ಅದರಲ್ಲಿತ್ತು. ಒಂದು ಹಾಳೆಯವರ ರೇಟು ಎಲ್ಲರಿಗಿಂತ ಕಡಿಮೆ, 11 ಪುಟದವರದು ಅದಕ್ಕಿಂತ ಶೇ. 14 ಹೆಚ್ಚು. ನಾನು ಒಂದು ಹಾಳೆಯವರಿಗೇ ಕೆಲಸ ಕೊಟ್ಟೆ. ಕೆಲಸ ನಡೆಯುತ್ತಾ ಹೋದಂತೆ ನೀರಿನ ಸಂಪು ಎಕ್ಸ್‌ಟ್ರಾ ಆಯಿತು, ಕಿಟಕಿಯ ಗ್ರಿಲ್ ಎಕ್ಸ್‌ಟ್ರಾ, ತಾರಸಿಯ ವಾಟರ್‌ಪ್ರೂಫಿಂಗ್ ಎಕ್ಸ್‌ಟ್ರಾ, ಕಾಂಪೌಂಡು ಎಕ್ಸ್‌ಟ್ರಾ. ಕೊನೆಗೆ ಕೂಡಿಸಿ ನೋಡಿದರೆ ಮೊತ್ತ 11 ಪುಟದವರದನ್ನೂ ದಾಟಿತ್ತು. ಆತ ಮೋಸ ಮಾಡಿದ ಎಂದು ಹೇಳಲಾರೆ. ಆ ಹಾಳೆಯಲ್ಲಿ ಇವು ಯಾವುವೂ ಇರಲೇ ಇಲ್ಲ. ಇಲ್ಲದ್ದನ್ನು ಗಮನಿಸಬೇಕು ಎಂಬುದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಆಮೇಲೆ ಒಂದು ಹಳೆಯ ಮನೆಯ ರಿಪೇರಿ ಮಾಡಿಸಿದೆ. ನೆಂಟರು, ಗೆಳೆಯರು ತಂದ ಕೊಟೇಷನ್‌ಗಳನ್ನು ಅವರ ಜೊತೆ ಕೂತು ಸಾಲುಸಾಲಾಗಿ ಓದಿದ್ದೇನೆ. ಕಾಂಟ್ರಾಕ್ಟರ್ ಆರಿಸುವ ಕೆಲಸದಲ್ಲಿ ಅರ್ಧ ಈ ಓದು, ಇನ್ನರ್ಧ ಸೈಟಿಗೆ ಹೋಗಿ ಕಣ್ಣಾರೆ ನೋಡುವುದು.

ಮೊದಲು ಯಾವ ಬಗೆಯ ಕಾಂಟ್ರಾಕ್ಟ್ ಎಂದು ತೀರ್ಮಾನಿಸಿ

ಲೇಬರ್ ಕಾಂಟ್ರಾಕ್ಟಿನವರನ್ನೂ ಮೆಟೀರಿಯಲ್ ಸಮೇತ ಮಾಡುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಲೆಕ್ಕ ಎಂದೂ ತಾಳೆಯಾಗುವುದಿಲ್ಲ. ಹಾಗಾಗಿ ಮನುಷ್ಯರನ್ನು ಹುಡುಕುವ ಮೊದಲೇ ಇದನ್ನು ಇತ್ಯರ್ಥ ಮಾಡಿಕೊಳ್ಳಿ.

ಲೇಬರ್ ಕಾಂಟ್ರಾಕ್ಟ್ ಎಂದರೆ ಸಿಮೆಂಟು, ಕಂಬಿ, ಮರಳು, ಜಲ್ಲಿ, ಇಟ್ಟಿಗೆ ತಂದು ಹಾಕುವುದು ನೀವು, ಆಳುಗಳನ್ನು ತಂದು ಕೆಲಸ ಮಾಡಿಸುವುದು ಅವರು. ಸಾಮಗ್ರಿಯ ಗುಣಮಟ್ಟ ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ, ಖರ್ಚೂ ಕಣ್ಣೆದುರಿಗೇ ಇರುತ್ತದೆ. ಆದರೆ ಮನೆಯವರೊಬ್ಬರು ದಿನವೂ ಸೈಟಿನಲ್ಲಿ ಇರಲೇಬೇಕು. ಮರಳಿನ ಲೋಡ್ ಬಾರದೆ ಆರು ಜನ ಗಾರೆಯವರು ಸುಮ್ಮನೆ ಕೂತರೆ ಆ ದಿನ ಹೋದಂತೆಯೇ. ಕಲಸಿದ ಗಾರೆ ಸಂಜೆ ಗಟ್ಟಿಯಾಗಿ ಎಸೆಯುವಂತಾದರೆ ಆ ನಷ್ಟವೂ ನಿಮ್ಮದೇ. ಕಾಂಕ್ರೀಟ್ ಗಟ್ಟಿಯಾಗುವ ತನಕ ಹೊತ್ತು ನಿಲ್ಲುವ ಸೆಂಟ್ರಿಂಗ್ ಹಲಗೆ, ಜಾಕಿ, ಮಿಕ್ಸರ್, ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ಇವುಗಳ ಬಾಡಿಗೆ ಯಾರದು ಎಂದು ಇಲ್ಲಿ ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಜಗಳ ಶುರುವಾಗುವುದೇ ಅಲ್ಲಿಂದ.

ಮೆಟೀರಿಯಲ್ ಸಮೇತ, ಚದರಡಿ ಲೆಕ್ಕದಲ್ಲಿ ಕೊಟ್ಟರೆ ಓಡಾಟ ತಪ್ಪುತ್ತದೆ. ಕೆಲಸಕ್ಕೆ ಹೋಗುವ ಬಹುತೇಕ ಕುಟುಂಬಗಳಿಗೆ ಇದೇ ಸರಿಹೊಂದುತ್ತದೆ, ನಾನೂ ಅವರಿಗೆ ಇದನ್ನೇ ಹೇಳುತ್ತೇನೆ. ಒಂದೇ ಷರತ್ತು: ಯಾವ ಸಾಮಗ್ರಿ, ಎಷ್ಟು ದಪ್ಪ, ಎಷ್ಟು ಕೋಟು ಎಂಬ ಪಟ್ಟಿ ಒಪ್ಪಂದಕ್ಕೆ ಅಂಟಿಕೊಂಡಿರಬೇಕು. ಆ ಪಟ್ಟಿ ಇಲ್ಲದಿದ್ದರೆ ಕಾಂಟ್ರಾಕ್ಟರ್ ಉಳಿಸುವ ಪ್ರತಿ ಚೀಲ ಸಿಮೆಂಟೂ ಅವರ ಲಾಭಕ್ಕೆ ಸೇರುತ್ತದೆ.

ಐಟಂ ರೇಟ್ ಎಂಬುದು ಮೂರನೆಯ ಬಗೆ. ಅಗೆತಕ್ಕೆ ಇಷ್ಟು, ಕಾಂಕ್ರೀಟಿಗೆ ಇಷ್ಟು, ಪ್ಲಾಸ್ಟರಿಂಗ್ ಚದರಡಿಗೆ ಇಷ್ಟು ಎಂದು ಒಂದೊಂದಕ್ಕೂ ಬೇರೆ ದರ. ಕೆಲಸ ಆದಮೇಲೆ ಅಳತೆ ಹಿಡಿದು ಬಿಲ್ ಮಾಡುತ್ತಾರೆ. ಪ್ಲಾನ್ ಇನ್ನೂ ಬದಲಾಗುತ್ತಿರುವವರಿಗೂ ರಿಪೇರಿ ಕೆಲಸಕ್ಕೂ ಇದು ನ್ಯಾಯವಾದ ದಾರಿ. ಅಳತೆ ಹಿಡಿಯುವಾಗ ಟೇಪಿನ ಇನ್ನೊಂದು ತುದಿ ನಿಮ್ಮ ಕೈಯಲ್ಲೋ ನಿಮ್ಮ ಎಂಜಿನಿಯರ್ ಕೈಯಲ್ಲೋ ಇರಲಿ. ಪ್ಲಾಸ್ಟರಿಂಗ್ ಅಳತೆಯಲ್ಲಿ ಬಾಗಿಲು, ಕಿಟಕಿಯ ಜಾಗವನ್ನು ಕಳೆಯುತ್ತಾರೋ ಇಲ್ಲವೋ ಎಂಬುದೂ ಮೊದಲೇ ಗೊತ್ತಿರಬೇಕು.

ಆದ ಖರ್ಚಿನ ಮೇಲೆ ಶೇಕಡಾವಾರು ಕೊಡುವ ಪದ್ಧತಿಯೂ ಇದೆ. ಖರ್ಚು ಏರಿದಷ್ಟೂ ಅವರ ಪಾಲು ಏರುವುದರಿಂದ ನನಗೆ ಅದರಲ್ಲಿ ನಂಬಿಕೆ ಕಡಿಮೆ. ಆ ದಾರಿಯಲ್ಲೇ ಹೋಗುವುದಾದರೆ ಶೇಕಡಾ ಬದಲು ಇಡಿಯಾಗಿ ಒಂದು ಫೀಸು ಗೊತ್ತುಮಾಡಿ, ಅಂಗಡಿಯ ಅಸಲಿ ಬಿಲ್ ಕೇಳಿ.

ಮೂರು ಕೊಟೇಷನ್, ಒಂದೇ ತಕ್ಕಡಿ

ಒಬ್ಬೊಬ್ಬರಿಗೂ ಬಾಯಲ್ಲಿ ವಿವರಿಸಿ ಕೊಟೇಷನ್ ಕೇಳಿದರೆ ಮೂವರೂ ಮೂರು ಬೇರೆ ಬೇರೆ ಮನೆಗಳಿಗೆ ಬೆಲೆ ಹೇಳುತ್ತಾರೆ. ಎಲ್ಲರಿಗೂ ಒಂದೇ ಡ್ರಾಯಿಂಗ್, ಒಂದೇ ಸಾಮಗ್ರಿ ಪಟ್ಟಿ ಕೊಡಿ. ಸ್ಟ್ರಕ್ಚರಲ್ ಎಂಜಿನಿಯರ್ ಮಾಡಿದ ಕಂಬಿಯ ವಿವರ ಅದರಲ್ಲಿರಲಿ. ಈ ಎಂಜಿನಿಯರ್ ಕಾಂಟ್ರಾಕ್ಟರ್ ಕಡೆಯವರಾಗಿರದೆ ನೀವೇ ಫೀಸು ಕೊಟ್ಟವರಾಗಿದ್ದರೆ ಒಳ್ಳೆಯದು. ಇಡೀ ಮನೆಯ ಖರ್ಚಿನಲ್ಲಿ ಅವರ ಫೀಸು ಸಣ್ಣ ಪಾಲು, ಮುಂದೆ ಎದುರಾಗುವ ಪ್ರತಿ ವಾದದಲ್ಲೂ ಆ ಡ್ರಾಯಿಂಗೇ ನಿಮ್ಮ ಪರವಾಗಿ ಮಾತಾಡುತ್ತದೆ.

ಇನ್ನು ಚದರಡಿಯ ವಿಷಯ. ರೇಟನ್ನು ಎಲ್ಲರೂ ಕೇಳುತ್ತಾರೆ, ಎಷ್ಟು ಚದರಡಿ ಎಂದು ಎಣಿಸಿದಿರಿ ಎಂದು ಕೇಳುವವರು ಕಡಿಮೆ. ಬಾಲ್ಕನಿಯನ್ನು ಒಬ್ಬರು ಪೂರ್ತಿ ಲೆಕ್ಕ ಹಿಡಿಯುತ್ತಾರೆ, ಒಬ್ಬರು ಅರ್ಧ. ಮೆಟ್ಟಿಲಿನ ಮೇಲಿನ ಹೆಡ್‌ರೂಂ, ಪೋರ್ಟಿಕೋ, ಸಂಪು ಇವುಗಳಿಗೂ ಹಾಗೆಯೇ ಒಬ್ಬೊಬ್ಬರದು ಒಂದೊಂದು ಲೆಕ್ಕ. ಒಂದೇ ಪ್ಲಾನಿಗೆ ಒಬ್ಬರು 1,480 ಚದರಡಿ ಎಂದು ಬರೆದು, ಇನ್ನೊಬ್ಬರು 1,720 ಎಂದು ಬರೆದರು ಎಂದಿಟ್ಟುಕೊಳ್ಳಿ. ಎರಡನೆಯವರ ರೇಟು ಶೇ. 10 ಕಡಿಮೆ ಇದ್ದರೂ ಒಟ್ಟು ಮೊತ್ತದಲ್ಲಿ ಅವರೇ ಶೇ. 4ಕ್ಕಿಂತ ಹೆಚ್ಚು ದುಬಾರಿ. ಆದ್ದರಿಂದ ಒಟ್ಟು ಮೊತ್ತಕ್ಕೆ ಒಟ್ಟು ಮೊತ್ತವನ್ನೇ ಹೋಲಿಸಿ. ಬಿಟ್ಟುಹೋದ ಕೆಲಸಗಳಿಗೂ ಅವರಿಂದಲೇ ಬೆಲೆ ಬರೆಸಿ ಅದಕ್ಕೆ ಕೂಡಿಸಿ.

ಕೊಟೇಷನ್‌ಗಳಲ್ಲಿ ನಾನು ಪೆನ್ಸಿಲಿನಿಂದ ಗೆರೆ ಎಳೆಯುವ ಮಾತು ಎರಡಿವೆ. ಒಂದು, 'ಅಥವಾ ಅದಕ್ಕೆ ಸಮನಾದ'. ಒಳ್ಳೆಯ ಬ್ರ್ಯಾಂಡಿನ ಹೆಸರು ಬರೆದು ಪಕ್ಕದಲ್ಲಿ ಇದನ್ನು ಸೇರಿಸಿದ್ದರೆ, ಸಮನಾದದ್ದು ಯಾವುದು ಎಂದು ತೀರ್ಮಾನಿಸುವವರು ಯಾರು? ನಿಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಬದಲಾಯಿಸುವಂತಿಲ್ಲ ಎಂದು ಅಲ್ಲೇ ಸೇರಿಸಿಸಿ. ಇನ್ನೊಂದು, 'ಟೈಲ್ಸ್ ಚದರಡಿಗೆ ಇಷ್ಟರವರೆಗೆ'. ಈ ಮಿತಿಯನ್ನು ತೀರಾ ಕೆಳಗೆ ಇಟ್ಟರೆ ಕೊಟೇಷನ್ ಚಿಕ್ಕದಾಗಿ ಕಾಣುತ್ತದೆ. ಆಮೇಲೆ ಅಂಗಡಿಗೆ ಹೋದಾಗ ಆ ಬೆಲೆಗೆ ನಿಮಗೆ ಹಿಡಿಸುವ ಟೈಲ್ಸ್ ಸಿಗುವುದೇ ಇಲ್ಲ, ವ್ಯತ್ಯಾಸ ನೀವು ಕಟ್ಟುತ್ತೀರಿ. ಟೈಲ್ಸ್, ನಲ್ಲಿ, ಸ್ವಿಚ್ಚು, ಬಾಗಿಲು ಇಷ್ಟಕ್ಕೆ ಮೂವರಿಗೂ ಒಂದೇ ಮಿತಿ ನೀವೇ ಹೇಳಿ. ಆಗ ಹೋಲಿಕೆಗೆ ಅರ್ಥ ಬರುತ್ತದೆ.

ಕಡಿಮೆ ರೇಟು ಎಲ್ಲಿಂದ ಬರುತ್ತದೆ?

ಒಬ್ಬರ ಮೊತ್ತ ಉಳಿದಿಬ್ಬರಿಗಿಂತ ಶೇ. 15–20 ಕೆಳಗಿದ್ದರೆ ಸಂತೋಷಪಡುವ ಮೊದಲು ನೇರವಾಗಿ ಕೇಳಿ: ನಿಮಗೆ ಇದು ಹೇಗೆ ಗಿಟ್ಟುತ್ತದೆ? ಒಳ್ಳೆಯ ಉತ್ತರಗಳೂ ಇರುತ್ತವೆ. ಸೆಂಟ್ರಿಂಗ್ ಶೀಟುಗಳು ಸ್ವಂತದ್ದಿರಬಹುದು, ಪಕ್ಕದ ರಸ್ತೆಯಲ್ಲೇ ಅವರ ಇನ್ನೊಂದು ಕೆಲಸ ನಡೆಯುತ್ತಿರಬಹುದು, ಆಳುಗಳಿಗೆ ಕೆಲಸ ತಪ್ಪದಿರಲಿ ಎಂದು ಲಾಭ ಕಡಿಮೆ ಮಾಡಿಕೊಂಡಿರಬಹುದು. ಇಂಥ ಉತ್ತರ ಬಾರದೆ 'ಅದೆಲ್ಲ ನೀವು ತಲೆ ಕೆಡಿಸಿಕೊಳ್ಳಬೇಡಿ, ನಾನಿದ್ದೀನಿ' ಎಂಬ ಮಾತು ಬಂದರೆ, ಕಡಿತ ಕಣ್ಣಿಗೆ ಕಾಣದ ಜಾಗದಲ್ಲಿ ಆಗುತ್ತದೆ ಎಂದೇ ಎಣಿಸಿ.

ಕಾಣದ ಜಾಗಗಳು ಯಾವುವು? ಸ್ಲ್ಯಾಬಿನಲ್ಲಿ 6 ಇಂಚಿಗೊಂದು ಕಂಬಿ ಇರಬೇಕಾದಲ್ಲಿ 8 ಇಂಚಿಗೊಂದು ಹಾಕಿದರೆ ಆ ದಿಕ್ಕಿನ ಕಂಬಿಯಲ್ಲಿ ಕಾಲುಭಾಗ ಉಳಿತಾಯ. ಕಾಂಕ್ರೀಟ್ ಮುಚ್ಚಿದ ಮೇಲೆ ಅದು ಯಾರಿಗೂ ಕಾಣದು. 1,000 ಚದರಡಿ ಸ್ಲ್ಯಾಬ್ 6 ಇಂಚು ದಪ್ಪ ಎಂದರೆ 500 ಘನ ಅಡಿ ಕಾಂಕ್ರೀಟ್, 5 ಇಂಚು ಎಂದರೆ ಸುಮಾರು 417. ಎಷ್ಟು ದಪ್ಪ ಬೇಕು ಎಂದು ಹೇಳುವುದು ಎಂಜಿನಿಯರ್ ಕೆಲಸ. ಅವರು ಹೇಳಿದಷ್ಟೇ ಬಿತ್ತೇ ಎಂದು ನೋಡುವುದು ನಿಮ್ಮದು. ವೈರಿನಲ್ಲಿ ದೀಪಕ್ಕೆ 1.5, ಸಾಕೆಟ್ಟಿಗೆ 2.5, ಗೀಸರ್ ಮತ್ತು ಏಸಿಗೆ 4 ಚದರ ಮಿಲಿಮೀಟರ್ ಎಂಬುದು ವಾಡಿಕೆ. ಎಲ್ಲಕ್ಕೂ ಸಣ್ಣ ವೈರು ಎಳೆದು ಗೋಡೆ ಮುಚ್ಚಿದರೆ ಗೊತ್ತಾಗುವುದು ವೈರು ಬಿಸಿಯಾದಾಗ. ಬಣ್ಣದಲ್ಲಿ ಪ್ರೈಮರ್ ಒಂದು ಕೋಟು ಹಾರಿಸುವುದು, ಬಚ್ಚಲುಮನೆಯ ವಾಟರ್‌ಪ್ರೂಫಿಂಗ್‌ನಲ್ಲಿ ಎರಡರ ಬದಲು ಒಂದೇ ಕೋಟು ಬಳಿಯುವುದು ಇದೇ ಜಾತಿಗೆ ಸೇರಿದವು.

ಕಂಬಿಗೆ ಒಂದು ಸುಲಭ ಪರೀಕ್ಷೆ ಇದೆ. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕೆಜಿ ಎಂದು ಬರುತ್ತದೆ. 12 ಎಂಎಂ ಕಂಬಿಗೆ ಮೀಟರಿಗೆ 0.89 ಕೆಜಿ, 12 ಮೀಟರಿನ ಇಡೀ ಕಂಬಿಗೆ ಸುಮಾರು 10.7 ಕೆಜಿ. ಕೊಟೇಷನ್ ಕೊಡಲು ಬಂದವರ ಮುಂದೆ 'ಕಂಬಿ ಇಳಿದ ದಿನ ಒಂದನ್ನು ತೂಗಿ ನೋಡುತ್ತೇನೆ' ಎಂದು ಹೇಳಿ ಅವರ ಮುಖ ನೋಡಿ. ಸರಿಯಾದ ಮನುಷ್ಯ 'ಖಂಡಿತ ನೋಡಿ' ಎನ್ನುತ್ತಾನೆ.

ಸೈಟು ಸುಳ್ಳು ಹೇಳದು

ಫೋನಿನಲ್ಲಿ ತೋರಿಸುವ ಫೋಟೋಗಳಿಗೆ ನಾನು ಬೆಲೆ ಕೊಡುವುದಿಲ್ಲ. ಪ್ರತಿಯೊಬ್ಬರ ಎರಡು ಕೆಲಸ ನೋಡಿ: ಈಗ ನಡೆಯುತ್ತಿರುವ ಒಂದು, ಮುಗಿದು ಎರಡು ಮೂರು ವರ್ಷ ಆದ ಒಂದು. ನಡೆಯುತ್ತಿರುವ ಕಡೆಗೆ ಕಾಂಟ್ರಾಕ್ಟರ್‌ಗೆ ಹೇಳದೆ ಹೋದರೆ ಇನ್ನೂ ಒಳ್ಳೆಯದು, ಅಲ್ಲಿನ ಮನೆಯವರ ಅನುಮತಿ ಮಾತ್ರ ಪಡೆದುಕೊಳ್ಳಿ.

ನಾನು ಒಂದು ಮಧ್ಯಾಹ್ನ ಇಬ್ಬರ ಸೈಟುಗಳನ್ನು ಒಂದರ ಹಿಂದೆ ಒಂದು ನೋಡಿದ್ದೆ. ಮೊದಲನೆಯ ಕಡೆ ಪಿಲ್ಲರ್‌ಗಳು ಬಿಸಿಲಿಗೆ ಬೂದಿಬಣ್ಣ ತಿರುಗಿ ಒಣಗಿ ನಿಂತಿದ್ದವು. ಸಿಮೆಂಟ್ ಚೀಲಗಳು ನೆಲದ ಮೇಲೇ ಬಿದ್ದಿದ್ದವು, ಕೆಳಗಿನದನ್ನು ಒತ್ತಿ ನೋಡಿದರೆ ಮೂಲೆ ಕಲ್ಲಾಗಿತ್ತು. ಒಬ್ಬ ಹುಡುಗ ಪೈಪು ಹಿಡಿದು ಮಿಕ್ಸರ್‌ಗೆ ಅಂದಾಜಿನಲ್ಲಿ ನೀರು ಬಿಡುತ್ತಿದ್ದ. ಕಾಂಕ್ರೀಟ್ ಸಾರಿನ ಹಾಗೆ ಹರಿಯುತ್ತಿತ್ತು. ನೀರು ಹೆಚ್ಚಾದಷ್ಟೂ ಕೆಲಸ ಹಗುರ, ಕಾಂಕ್ರೀಟಿನ ಬಲ ಕಡಿಮೆ.

ಎರಡನೆಯ ಕಡೆ ಪ್ರತಿ ಪಿಲ್ಲರ್‌ಗೂ ಗೋಣಿತಾಟು ಸುತ್ತಿ ನೀರು ಹನಿಯುತ್ತಿತ್ತು. ಗೋಣಿಯ ಮೇಲುಗಡೆ ಕಾಂಕ್ರೀಟಿನ ಮೇಲೆ ಕೆಂಪು ಬಣ್ಣದಲ್ಲಿ ತಾರೀಕು ಬರೆದಿತ್ತು. ಏನದು ಎಂದು ಕೇಳಿದೆ. ಅಲ್ಲಿದ್ದ ಮೇಸ್ತ್ರಿ, 'ಕಾಂಕ್ರೀಟ್ ಹಾಕಿದ ದಿನ ಸಾರ್. ಎಷ್ಟು ದಿನ ನೀರು ಕುಡಿಸಿದ್ದೀವಿ ಅಂತ ಮರೆತುಹೋಗಬಾರದಲ್ಲ' ಎಂದ. ಕಾಂಕ್ರೀಟ್ ಪೂರ್ಣ ಬಲದ ಮೂರನೇ ಎರಡರಷ್ಟನ್ನು ಮೊದಲ 7 ದಿನಗಳಲ್ಲೇ ಪಡೆಯುತ್ತದೆ, ಲೆಕ್ಕಕ್ಕೆ ಹಿಡಿಯುವ ಬಲ ಬರಲು 28 ದಿನ ಬೇಕು. ಆ ಮೊದಲ ವಾರ ಒಣಗಲು ಬಿಟ್ಟರೆ ಆಮೇಲೆ ಎಷ್ಟು ನೀರು ಸುರಿದರೂ ಕಳೆದದ್ದು ಪೂರ್ತಿ ವಾಪಸು ಬರುವುದಿಲ್ಲ. ಪಿಲ್ಲರ್ ಮೇಲಿನ ಆ ಕೆಂಪು ತಾರೀಕು 20 ಪುಟದ ಬ್ರೋಷರಿಗಿಂತ ನನಗೆ ಹೆಚ್ಚು ಹೇಳಿತು.

ಸ್ಲ್ಯಾಬಿನ ಅಡಿಯಲ್ಲಿ ನಿಂತು ಮೇಲೆ ನೋಡಿ. ಜೇನುಗೂಡಿನಂತೆ ಜಲ್ಲಿ ಬಾಯಿಬಿಟ್ಟಿದ್ದರೆ ವೈಬ್ರೇಟರ್ ಸರಿಯಾಗಿ ಹಿಡಿದಿಲ್ಲ. ಕಂಬಿಯೇ ಕಾಣುತ್ತಿದ್ದರೆ ಅದನ್ನು ಹಲಗೆಯಿಂದ ಮೇಲೆತ್ತಿ ಹಿಡಿಯುವ ಕವರ್ ಬ್ಲಾಕ್ ಇಟ್ಟಿಲ್ಲ, ಅಂಥ ಕಂಬಿ ಬೇಗ ತುಕ್ಕು ಹಿಡಿಯುತ್ತದೆ. ಎತ್ತರದಲ್ಲಿ ಕೆಲಸ ಮಾಡುವವರ ತಲೆಗೆ ಹೆಲ್ಮೆಟ್ ಇದೆಯೇ, ಸಾರುವೆ ಗಟ್ಟಿಯಾಗಿದೆಯೇ ಎಂದೂ ನೋಡಿ. ಆಳುಗಳ ಜೀವಕ್ಕೆ ಬೆಲೆ ಕೊಡದವರಿಗೆ ನನ್ನ ಮನೆ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಕೆಲಸಗಾರರ ವಿಮೆ ಇದೆಯೇ ಎಂಬುದನ್ನು ಕಾಗದದ ಮೇಲೇ ನೋಡಿ. ಅಪಘಾತವಾದರೆ ಹೊಣೆ ಮನೆಯವರ ಮೇಲೂ ಬರಬಹುದು.

ಮುಗಿದ ಮನೆಯವರನ್ನು 'ಕೆಲಸ ಚೆನ್ನಾಗಿತ್ತಾ?' ಎಂದು ಕೇಳಿದರೆ 'ಪರವಾಗಿಲ್ಲ' ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯದು. ಹೀಗೆ ಕೇಳಿ: ಮೊದಲು ಹೇಳಿದ ಮೊತ್ತಕ್ಕೂ ಕೊನೆಗೆ ಕೊಟ್ಟದ್ದಕ್ಕೂ ಎಷ್ಟು ಅಂತರ? ಕೊನೆಯ ಕಂತು ಕೊಟ್ಟ ಮೇಲೆ ಫೋನ್ ಎತ್ತಿದರಾ? ಮೊದಲ ಮಳೆಗೆ ಎಲ್ಲಿ ಸೋರಿತು, ಯಾರು ಬಂದು ಸರಿಮಾಡಿದರು? ಕೆಲಸ ಎಷ್ಟು ದಿನ ನಿಂತುಹೋಗಿತ್ತು?

ಮೇಸ್ತ್ರಿಯೇ, ಸಣ್ಣ ಕಾಂಟ್ರಾಕ್ಟರೇ, ಕಂಪನಿಯೇ?

ಮೇಸ್ತ್ರಿಯ ಕೈಯಲ್ಲಿ ಕೆಲಸವಿರುತ್ತದೆ, ಕಾಗದ ಇರುವುದಿಲ್ಲ. ಒಂದು ಕೋಣೆ, ಕಾಂಪೌಂಡು, ಪ್ಲಾಸ್ಟರಿಂಗ್ ಇಷ್ಟಕ್ಕೆ ಒಳ್ಳೆಯ ಮೇಸ್ತ್ರಿಗಿಂತ ಮೇಲು ಇಲ್ಲ. ಎರಡು ಅಂತಸ್ತಿನ ಮನೆಗೆ ಡ್ರಾಯಿಂಗ್ ಓದಬಲ್ಲವರು ಬೇಕು, ಪ್ಲಂಬರ್, ಎಲೆಕ್ಟ್ರಿಷಿಯನ್, ಬಡಗಿ ಇವರನ್ನೆಲ್ಲ ಸರಿಯಾದ ಹೊತ್ತಿಗೆ ಕೂಡಿಸುವವರು ಬೇಕು.

ಕಂಪನಿಯವರಲ್ಲಿ ಕಾಗದ ಅಚ್ಚುಕಟ್ಟು. ವಾರಕ್ಕೊಮ್ಮೆ ವರದಿ, ಗ್ಯಾರಂಟಿ ಪತ್ರ ಎಲ್ಲ ಇರುತ್ತದೆ. ಅವರನ್ನು ಕೇಳಬೇಕಾದದ್ದು ಒಂದೇ: ನನ್ನ ಸೈಟಿನಲ್ಲಿ ದಿನವೂ ನಿಲ್ಲುವವರು ಯಾರು, ಅವರು ಇನ್ನೆಷ್ಟು ಸೈಟು ನೋಡುತ್ತಿದ್ದಾರೆ? ಮಾರಾಟಕ್ಕೆ ಬಂದವರನ್ನು ಬಿಟ್ಟು ಆ ಸೂಪರ್‌ವೈಸರ್ ಜೊತೆ ಅರ್ಧ ಗಂಟೆ ಕೂತು ಮಾತಾಡಿ. ಕೆಲಸವನ್ನು ಅವರೂ ಕೆಳಗಿನ ಗುತ್ತಿಗೆದಾರರಿಗೇ ಹಂಚಿರುತ್ತಾರೆ.

ನಡುವೆ ಇರುವ ಸಣ್ಣ ಕಾಂಟ್ರಾಕ್ಟರ್, ಒಂದು ಹೊತ್ತಿಗೆ ಎರಡು ಮೂರು ಕೆಲಸ ಹಿಡಿದು ತಾನೇ ಸೈಟಿಗೆ ಬರುವವರು, ನನ್ನ ಅನುಭವದಲ್ಲಿ ಮನೆ ಮಟ್ಟದ ಕೆಲಸಕ್ಕೆ ಹೆಚ್ಚು ಹೊಂದುತ್ತಾರೆ. ನಾಲ್ಕನೆಯ ಕೆಲಸ ಹಿಡಿದ ದಿನದಿಂದ ಅವರು ಕಾಣೆಯಾಗುವ ಅಪಾಯ ಇದ್ದೇ ಇದೆ. ನೆಂಟರೇ ಕಾಂಟ್ರಾಕ್ಟರ್ ಆಗಿದ್ದರೆ ಒಪ್ಪಂದ ಇನ್ನಷ್ಟು ವಿವರವಾಗಿ ಬರೆಯಿರಿ, ಇಲ್ಲವೇ ಕೆಲಸ ಕೊಡಬೇಡಿ. ಪರವಾನಗಿ, ನೋಂದಣಿಯ ನಿಯಮ ಒಂದೊಂದು ಕಡೆ ಒಂದೊಂದು ಥರ, ನಿಮ್ಮಲ್ಲಿ ಬೇಕಾದದ್ದು ಅವರಲ್ಲಿ ಇದೆಯೇ ನೋಡಿಕೊಳ್ಳಿ.

ರಿಪೇರಿಯ ಲೆಕ್ಕವೇ ಬೇರೆ

ಹೊಸ ಮನೆಯಲ್ಲಿ ಎಲ್ಲವೂ ಡ್ರಾಯಿಂಗಿನಲ್ಲಿರುತ್ತದೆ. ಹಳೆಯ ಮನೆಯಲ್ಲಿ ಗೋಡೆ ಒಡೆದ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ಕೊಟೇಷನ್‌ಗಿಂತ ಮೊದಲ ಭೇಟಿಯನ್ನೇ ನಾನು ಹೆಚ್ಚು ಗಮನಿಸುತ್ತೇನೆ.

ನಮ್ಮ ಹಳೆಯ ಮನೆಗೆ ಬಂದ ಒಬ್ಬರು ಬಚ್ಚಲುಮನೆಯ ಬಾಗಿಲಲ್ಲೇ ನಿಂತು ಒಳಗೆ ಕಣ್ಣಾಡಿಸಿ ಒಂದು ಮೊತ್ತ ಹೇಳಿ ಹೊರಟರು. ಮತ್ತೊಬ್ಬರು ಚಪ್ಪಲಿ ಬಿಟ್ಟು ಒಳಗೆ ಹೋದರು. ಬೆರಳಿನ ಗೆಣ್ಣಿನಿಂದ ಟೈಲ್ಸ್ ಒಂದೊಂದನ್ನೇ ತಟ್ಟುತ್ತಾ ಬಂದು, ಟೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದ ಗುರುತು ಹಾಕಿದರು. ಬಕೆಟ್ ನೀರು ಸುರಿದು ಯಾವ ಕಡೆ ಹರಿಯುತ್ತದೆ ಎಂದು ನೋಡಿದರು. ಹೊರಗೆ ಹೋಗಿ ಕೊಳೆನೀರಿನ ಚೇಂಬರಿನ ಮುಚ್ಚಳ ಎತ್ತಿಸಿದರು. ಪಕ್ಕದ ಕೋಣೆಯ ಗೋಡೆಗೆ ಅಂಗೈ ಒತ್ತಿ, 'ಇಲ್ಲಿ ಒಳಗೆ ಪೈಪು ಸೋರುತ್ತಿದೆ, ಬರೀ ಟೈಲ್ಸ್ ಬದಲಾಯಿಸಿದರೆ ದುಡ್ಡು ದಂಡ' ಎಂದರು. ಅಡುಗೆಮನೆಯ ಅಡ್ಡಗೋಡೆ ತೆಗೆಯಬೇಕು ಎಂದು ನಾನು ಹೇಳಿದಾಗ, 'ಇದು ಭಾರ ಹೊತ್ತ ಗೋಡೆಯೋ ಅಲ್ಲವೋ ಎಂಜಿನಿಯರ್ ಬಂದು ನೋಡದೆ ನಾನು ಮುಟ್ಟುವುದಿಲ್ಲ' ಎಂದರು. ಅವರ ಮೊತ್ತ ಮೊದಲನೆಯವರಿಗಿಂತ ಹೆಚ್ಚಿತ್ತು, ಆದರೆ ಅದು ಆ ಮನೆಯನ್ನು ನೋಡಿ ಹೇಳಿದ ಮೊತ್ತ.

ರಿಪೇರಿ ಒಪ್ಪಂದದಲ್ಲಿ ಇಷ್ಟು ಇರಲಿ: ಒಡೆದ ಮಣ್ಣು, ಕಲ್ಲನ್ನು ಸಾಗಿಸುವ ಖರ್ಚು ಯಾರದು, ಮನೆಯೊಳಗೇ ನೀವು ಇರುವುದಾದರೆ ನೀರು ಮತ್ತು ಕರೆಂಟು ದಿನಕ್ಕೆ ಎಷ್ಟು ಹೊತ್ತು ನಿಲ್ಲಬಹುದು, ಒಡೆದ ಮೇಲೆ ಹೊಸ ತೊಂದರೆ ಕಂಡರೆ ಯಾವ ದರದಲ್ಲಿ ಸರಿಮಾಡುತ್ತಾರೆ. ಅನಿರೀಕ್ಷಿತಕ್ಕೆಂದು ನಿಮ್ಮ ಕಡೆ ಶೇ. 15ರಷ್ಟಾದರೂ ತೆಗೆದಿಡಿ. ಗೋಡೆ ಮುಚ್ಚುವ ಮೊದಲು ಪೈಪು, ವೈರು ಹೋದ ದಾರಿಯ ಫೋಟೋ ತೆಗೆದುಕೊಳ್ಳಿ, ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ.

ದುಡ್ಡು ಕೆಲಸದ ಹಿಂದೆ ನಡೆಯಲಿ

ಇಬ್ಬರ ಮೊತ್ತ ಹತ್ತಿರ ಹತ್ತಿರ ಇದ್ದಾಗ ಕಂತುಗಳ ಪಟ್ಟಿ ನೋಡಿ. ಪಾಯ ಮುಗಿಯುವಷ್ಟರಲ್ಲಿ ಅರ್ಧ ದುಡ್ಡು ಕೇಳುವವರಿಗೂ, ಪಾಯ, ಪ್ಲಿಂತ್ (ಪಾಯದಿಂದ ನೆಲಮಟ್ಟದ ತನಕದ ಕಟ್ಟು), ಲಿಂಟಲ್ (ಬಾಗಿಲು, ಕಿಟಕಿಯ ಮೇಲಿನ ಅಡ್ಡತೊಲೆ), ಸ್ಲ್ಯಾಬ್, ಪ್ಲಾಸ್ಟರಿಂಗ್, ನೆಲ, ಬಣ್ಣ ಎಂದು ಒಂದೊಂದು ಹಂತ ಮುಗಿದ ಮೇಲೆ ಕೇಳುವವರಿಗೂ ಬಹಳ ವ್ಯತ್ಯಾಸವಿದೆ. ಅಡ್ವಾನ್ಸ್ ಶೇ. 10ರ ಒಳಗಿದ್ದರೆ ಸಮಾಧಾನ. ಶೇ. 5ರಷ್ಟನ್ನು ಮನೆ ಒಪ್ಪಿಸಿದ ಮೇಲೂ ಒಂದು ಮಳೆಗಾಲ ಕಳೆಯುವ ತನಕ ಇಟ್ಟುಕೊಳ್ಳುವುದಾಗಿ ಮೊದಲೇ ಬರೆಸಿ. ಇದಕ್ಕೆ ಒಪ್ಪುವ ಕಾಂಟ್ರಾಕ್ಟರ್‌ಗೆ ತನ್ನ ಕೆಲಸದ ಮೇಲೆ ಭರವಸೆ ಇದೆ. ನೀವೂ ಹಂತ ಮುಗಿದ ಕೂಡಲೇ ತಡಮಾಡದೆ ಕೊಡಿ. ವಾರದ ಬಟವಾಡೆ ನಿಂತರೆ ಒಳ್ಳೆಯ ಕೆಲಸಗಾರರು ಬೇರೆ ಕಡೆಗೆ ಹೋಗುತ್ತಾರೆ, ಅವರು ಮತ್ತೆ ಬರುವುದಿಲ್ಲ.

ಬದಲಾವಣೆಗಳನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಏನು ಬದಲು, ಎಷ್ಟು ಹೆಚ್ಚು, ಎಷ್ಟು ದಿನ ತಡ ಎಂಬ ಮೂರು ಸಾಲನ್ನು ಮೆಸೇಜಿನಲ್ಲಾದರೂ ಬರೆದು ಇಬ್ಬರೂ ಒಪ್ಪಿದ ಮೇಲೆ ಕೆಲಸ ಮುಂದುವರಿಯಲಿ. ಕಾಂಟ್ರಾಕ್ಟರ್ ಕೆಲಸವನ್ನು ನಡುವೆ ಬಿಟ್ಟುಹೋದರೆ ಅಳತೆ ಯಾರು ಹಿಡಿಯುತ್ತಾರೆ, ಸೈಟಿನಲ್ಲಿ ಉಳಿದ ಸಾಮಗ್ರಿ ಯಾರಿಗೆ ಎಂಬುದೂ ಒಪ್ಪಂದದಲ್ಲಿರಲಿ.

ಇಷ್ಟೆಲ್ಲ ನೋಡಿದ ಮೇಲೂ ಇಬ್ಬರ ನಡುವೆ ಮನಸ್ಸು ತೂಗಾಡುತ್ತಿದ್ದರೆ ಮೊದಲು ಒಂದು ಸಣ್ಣ ಕೆಲಸ ಕೊಟ್ಟು ನೋಡಿ. ಸೀಮೆಸುಣ್ಣದ ಗುರುತು ಹಾಕಿದವರಿಗೆ ನಾನು ಮೊದಲು ಕೊಟ್ಟದ್ದು ಆ ಒಂದು ಬಚ್ಚಲುಮನೆ ಮಾತ್ರ. ವಾಟರ್‌ಪ್ರೂಫಿಂಗ್ ಒಣಗಿದ ಮೇಲೆ ಔಟ್‌ಲೆಟ್ ಮುಚ್ಚಿ ನೀರು ನಿಲ್ಲಿಸಿದರು, ನೀರಿನ ಅಂಚಿಗೆ ಗೋಡೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, 48 ಗಂಟೆ ಯಾರೂ ಮುಟ್ಟಬೇಡಿ ಎಂದು ಹೇಳಿಹೋದರು. ಮರುದಿನ ಬೆಳಿಗ್ಗೆ ಏಳಕ್ಕೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಅವರೇ, ಕೈಯಲ್ಲಿ ಟಾರ್ಚು. ಕೆಳಗಿನ ಕೋಣೆಯ ಸೀಲಿಂಗಿಗೆ ಬೆಳಕು ಹಾಕಿ ಮೂಲೆ ಮೂಲೆ ನೋಡಿದರು, ಮೇಲೆ ಹೋಗಿ ಮಂಡಿಯೂರಿ ಗೆರೆಯ ಹತ್ತಿರ ಮುಖ ತಂದು ನೋಡಿದರು. ಮೂರನೆಯ ದಿನವೂ ಬಂದರು. ಗೆರೆಯಿಂದ ನೀರು ಕೂದಲೆಳೆಯಷ್ಟು ಮಾತ್ರ ಇಳಿದಿತ್ತು, ಕೆಳಗೆ ಸೀಲಿಂಗ್ ಒಣಗಿಯೇ ಇತ್ತು. ಅಡುಗೆಮನೆಯ ಕೆಲಸದ ಒಪ್ಪಂದಕ್ಕೆ ಅವತ್ತು ಮಧ್ಯಾಹ್ನವೇ ಸಹಿ ಹಾಕಿದೆವು.